ಪಂಡಿತರು ಬಂದು ಕೂತ ಪೋಕರ್ ಮೇಜು

ಎರಡು ಸಾವಿರದ ಏಳರಲ್ಲಿ ನಾವು ಗ್ರೇಟರ್ ನೋಯ್ಡಾದಲ್ಲಿ ಫ್ಲ್ಯಾಟ್ ಕೊಂಡಾಗ ಸುತ್ತಮುತ್ತ ಖಾಲಿ ಕಟ್ಟಡಗಳೇ ಹೆಚ್ಚು. ಮಾತಿಗೆ ಜನ ಬೇಕೆಂದು ನನ್ನ ಗಂಡ ಇಂದುಶೇಖರ ಭಾನುವಾರ ಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ಪೋಕರ್ ಶುರುಮಾಡಿದ. ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೋಗಿದ್ದಾಗ ಕಲಿತು ಬಂದ ಇಸ್ಪೀಟಾಟ. ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ನಡುನಡುವೆ ಪಣ ಏರಿಸುವುದು. ಸೋತವರ ದುಡ್ಡು ಸಮೋಸಾ, ಜಿಲೇಬಿಗೆ ಹೋಗುತ್ತಿತ್ತು.

ಆ ಮೇಜು ಬೆಳೆದದ್ದು ನಮ್ಮಿಂದಲ್ಲ, ದೇವೇಂದ್ರಪ್ಪನವರಿಂದ. ಹರಿಹರದ ಕಡೆಯವರು, ಕೇಂದ್ರ ಸರ್ಕಾರದಲ್ಲಿ ಅಧಿಕಾರಿ, ನಿವೃತ್ತಿಗೆ ಹತ್ತಿರವಾಗಿದ್ದರು. ದೆಹಲಿಯ ಆ ತುದಿಯ ಪೀತಮ್‌ಪುರದಿಂದ ಹಳೇ ಮಾರುತಿ ಓಡಿಸಿಕೊಂಡು, ಹೆಂಡತಿ ದೇವಕಿಯವರನ್ನೂ ಡಬ್ಬಿ ತುಂಬ ಖಾರ ಮಂಡಕ್ಕಿಯನ್ನೂ ಕರೆತರುತ್ತಿದ್ದರು. ಕೈಗೆ ರಾಣಿ ಬಂದರೆ ಸಾಕು, ಹೆಣ್ಣುಮಗಳನ್ನು ಮನೆಯಿಂದ ಆಚೆ ಹಾಕಬಾರದೆಂದು ಕೊನೆಯವರೆಗೂ ಬಿಡುತ್ತಿರಲಿಲ್ಲ. ಹೆಚ್ಚಾಗಿ ಸೋಲುತ್ತಿದ್ದರು. ಸೋತಾಗಲೆಲ್ಲ ಕಚೇರಿಯ ಒಂದು ಕಥೆ ಹೇಳುತ್ತಿದ್ದರು. ಆ ಕಥೆಗಳಿಗಾಗಿಯೇ ಘಾಜಿಯಾಬಾದಿನಿಂದ ಮಹಂತೇಶ್ ಗೆಳೆಯರನ್ನು ಕರೆತಂದ. ದೆಹಲಿಯಲ್ಲೇ ಬೆಳೆದ ಕಿಶನ್, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ನಗುತ್ತಾ ಬಂದ. ಒಂದು ಮೇಜು ಸಾಲದೆ ಪಕ್ಕದ ಮನೆಯಿಂದ ಇನ್ನೊಂದನ್ನು ತಂದೆವು.

ಆಮೇಲೆ ಪ್ರಜ್ವಲ್ ಬಂದ. ಗುಡಗಾಂವಿನ ಯಾವುದೋ ಕಂಪನಿಯವನು. ಮನೆಯೊಳಗೆ ಕಪ್ಪು ಕನ್ನಡಕ ಹಾಕುವವರು ಎರಡೇ ಬಗೆ: ಕಣ್ಣಿನ ಆಪರೇಶನ್ ಆದವರು ಮತ್ತು ಪ್ರಜ್ವಲ್. ಇಂಟರ್ನೆಟ್‌ನಲ್ಲಿ ಓದಿದ್ದನ್ನು ವೇದವೆಂದು ನಂಬಿದ್ದ. ತನ್ನಂಥವೇ ಮೂರ್ನಾಲ್ಕು ಗಂಟುಮುಖಗಳನ್ನು ಜೊತೆಗೆ ತಂದ. ಅವರು ಮಾತಾಡುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ. ಗೆದ್ದರೆ ನಗುತ್ತಲೂ ಇರಲಿಲ್ಲ. ನನ್ನ ಗಂಡನಿಗೆ ಇವರೇ ಮಹಾಪುರುಷರಾಗಿ ಕಂಡರು. ಇನ್ನು ನಮ್ಮದು 'ಸೀರಿಯಸ್ ರೂಮ್' ಆಗಬೇಕೆಂದ. ಪಣ ಏರಿತು. ಎಲೆಗಳಿಗೆ ಎಣ್ಣೆ ಹತ್ತುತ್ತದೆಂಬ ನೆಪದಲ್ಲಿ ಮಂಡಕ್ಕಿ ಡಬ್ಬಿ ಅಡುಗೆಮನೆ ಸೇರಿತು.

ಒಂದು ಭಾನುವಾರ ದೇವೇಂದ್ರಪ್ಪ ಆಟದಲ್ಲೇ ಅತಿ ಕೆಟ್ಟ ಎಲೆಗಳಾದ ಎರಡು ಮತ್ತು ಏಳು ಹಿಡಿದು ಪ್ರಜ್ವಲ್‌ನ ಜೋಡಿ ರಾಜರನ್ನು ಸೋಲಿಸಿದರು. ಮೇಜೆಲ್ಲ ನಕ್ಕಿತು. ಪ್ರಜ್ವಲ್ ಕನ್ನಡಕ ತೆಗೆದು, ಅಂಥ ಎಲೆಯನ್ನು ಬುದ್ಧಿಯಿದ್ದವರು ಯಾರೂ ಆಡುವುದಿಲ್ಲವೆಂದು ಲೆಕ್ಕಸಮೇತ ಪಾಠ ಮಾಡಿದ. ತನಗಿಂತ ಎರಡರಷ್ಟು ವಯಸ್ಸಿನವರಿಗೆ, ದೇವಕಿಯವರ ಎದುರಿಗೇ. ದೇವೇಂದ್ರಪ್ಪ ಮಹಂತೇಶನ ಕಡೆ ತಿರುಗಿ, ಅರ್ಧಕ್ಕೆ ನಿಂತಿದ್ದ ಕಚೇರಿಯ ಕಥೆಯನ್ನು ಕನ್ನಡದಲ್ಲಿ ಮುಂದುವರಿಸಿದರು.

"ಸಾರ್, ಆಟದ ಮೇಜಲ್ಲಿ ಇಂಗ್ಲಿಷ್ ಮಾತ್ರ," ಎಂದ ಪ್ರಜ್ವಲ್. ಕನ್ನಡ ಬಾರದ ತನ್ನ ಗೆಳೆಯರಿಗೆ, ಎಲೆಯ ಗುಟ್ಟು ಹೇಳಿಕೊಳ್ಳುತ್ತಿದ್ದಾರೇನೋ ಎಂಬ ಅನುಮಾನ ಬರುತ್ತದಂತೆ.

ದೇವೇಂದ್ರಪ್ಪ ನನ್ನ ಗಂಡನ ಮುಖ ನೋಡಿದರು. ಅವನು ಪಣದ ಬಿಲ್ಲೆ ಜೋಡಿಸುತ್ತಾ, ತಲೆ ಎತ್ತದೆ, ಎಲ್ಲ ಕಡೆ ಇರುವ ರೂಲೇ ಅದು ಎಂದ.

"ವಾರವೆಲ್ಲ ಹಿಂದಿ ಇಂಗ್ಲಿಷ್ ಮಾತಾಡಿ ನಾಲಿಗೆ ಸವೆದಿರುತ್ತಪ್ಪ. ಇಷ್ಟು ದೂರ ಬರೋದೇ ಕನ್ನಡ ಮಾತಾಡೋಕೆ," ಎಂದರು ದೇವೇಂದ್ರಪ್ಪ. "ಇಸ್ಪೀಟು ಪೀತಮ್‌ಪುರದಲ್ಲೂ ಸಿಗುತ್ತೆ."

ಸಿಟ್ಟಿನಿಂದ ಏಳಲಿಲ್ಲ. ಆ ಸುತ್ತು ಮುಗಿಸಿದರು, ನನ್ನ ಕೈಯ ಚಹಾ ಕುಡಿದರು, ಡಬ್ಬಿ ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ದೊಡ್ಡವರಿಗೆ ಅವಮಾನವಾಯಿತೆಂದು ನಾನು ಗಂಡನಿಗೆ ಹೇಳಿದರೆ, ಸೋಲುವವರು ಹೋದರೆ ರೂಮಿನ ಮಟ್ಟ ಏರುತ್ತದೆಂದು ಅವನು ನನಗೇ ತಿಳಿಹೇಳಿದ.

ಮಟ್ಟ ಏರಿತು. ಮಹಂತೇಶನಿಗೆ ಭಾನುವಾರವೇ ಕೆಲಸ ಬೀಳತೊಡಗಿತು. ಕಿಶನ್ ಫೋನ್ ಎತ್ತಲಿಲ್ಲ. ಕೊನೆಗೆ ಪ್ರಜ್ವಲ್ ಮತ್ತವನ ಗೆಳೆಯರು, ಆ ಪಂಡಿತರಷ್ಟೇ ಎದುರುಬದುರು ಉಳಿದರು. ಎಲ್ಲರೂ ಎಲೆ ನೋಡುವುದು, ಕೆಳಗಿಡುವುದು, ಮತ್ತೆ ಹಂಚುವುದು. ಸೋಲಬಾರದೆಂದು ಯಾರೂ ಆಟಕ್ಕೇ ಇಳಿಯುತ್ತಿರಲಿಲ್ಲ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಮುಖದಲ್ಲಾದರೂ ಇದಕ್ಕಿಂತ ಕಳೆ ಇರುತ್ತದೆ.

ಒಂದು ದಿನ ಪ್ರಜ್ವಲ್ ಅಡುಗೆಮನೆ ಬಾಗಿಲಿಗೆ ಬಂದ. "ಭಾಭಿ, ಆ ಅಂಕಲ್‌ನ ವಾಪಸ್ ಕರೀರಿ. ಫಿಶ್ ಇಲ್ಲದೆ ರೂಮ್ ನಡೆಯಲ್ಲ." ಸುಲಭವಾಗಿ ಸೋಲುವವರನ್ನು ಪೋಕರ್‌ನಲ್ಲಿ ಮೀನು ಅನ್ನುತ್ತಾರೆಂದು ವಿವರಣೆಯನ್ನೂ ಕೊಟ್ಟ.

"ಕೆರೆ ಬತ್ತಿಸಿದವರು ನೀವು, ಮೀನು ಹುಡುಕೋ ಕೆಲಸ ನನಗಾ?" ಎಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

ಮುಂದಿನ ಭಾನುವಾರ ಅವರನ್ನೆಲ್ಲ ಗಂಡನಿಗೇ ಬಿಟ್ಟು ನಾನೊಬ್ಬಳೇ ಕಾರು ತೆಗೆದುಕೊಂಡು ಪೀತಮ್‌ಪುರದ ದೇವೇಂದ್ರಪ್ಪನವರ ಮನೆಗೆ ಹೋದೆ. ಮಹಂತೇಶನೂ ಕಿಶನ್ನೂ ಅಲ್ಲೇ ಕೂತಿದ್ದರು! ಬಿಲ್ಲೆಗಳ ಬದಲು ಹುಣಸೆಬೀಜ. ಮೇಲಿನ ಮನೆಯ ಗಿರಿಜಮ್ಮ ಆಗಷ್ಟೇ ಆಟ ಕಲಿಯುತ್ತಿದ್ದರು. ದೇವಕಿಯವರು ನನಗೊಂದು ಕುರ್ಚಿ ಎಳೆದರು.

ನಮ್ಮ ಮನೆಯ ರೂಮ್ ಆ ತಿಂಗಳು ದಾಟಲಿಲ್ಲ. ಬೇರೆ ದಾರಿ ಕಾಣದೆ ಒಂದು ಭಾನುವಾರ ಇಂದುಶೇಖರ ಪ್ರಜ್ವಲ್‌ನನ್ನೂ ಕರೆದುಕೊಂಡು ಪೀತಮ್‌ಪುರಕ್ಕೇ ಬಂದ. ದೇವೇಂದ್ರಪ್ಪ ಇಬ್ಬರನ್ನೂ ಕೂರಿಸಿದರು. ಸ್ವಲ್ಪ ಹೊತ್ತಿಗೆ ಗಿರಿಜಮ್ಮ ಎಂಥದೋ ಕಳಪೆ ಎಲೆ ಹಿಡಿದು ಪ್ರಜ್ವಲ್‌ನ ಬೀಜಗಳನ್ನೆಲ್ಲ ಬಾಚಿಕೊಂಡರು. ಅವರು ಆ ಎಲೆಯನ್ನು ಮೊದಲೇ ಯಾಕೆ ಕೆಳಗಿಡಬೇಕಿತ್ತೆಂದು ಅವನು ಪಾಠ ಶುರುಮಾಡಿದ.

ಗಿರಿಜಮ್ಮ ಪೂರ್ತಿ ಕೇಳಿಸಿಕೊಂಡರು. "ಅಚ್ಛಾ. ಆದ್ರೆ ಗೆದ್ದಿದ್ದು ಯಾರಪ್ಪ?" ಎಂದರು.

ಅವನು ಕಾಫಿಗೂ ನಿಲ್ಲಲಿಲ್ಲ. ಆಮೇಲೆ ಗುಡಗಾಂವಿನಲ್ಲಿ, ಆಟ ಚೆನ್ನಾಗಿ ಬಲ್ಲವರಿಗೆ ಮಾತ್ರ ಎಂದು ಒಂದು ರೂಮ್ ತೆರೆದನಂತೆ, ಅದೂ ಮುಚ್ಚಿತಂತೆ. ನಾನು ವಿಚಾರಿಸಲು ಹೋಗಲಿಲ್ಲ.

ಇಂದುಶೇಖರ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದ. ದೇವೇಂದ್ರಪ್ಪ ಅವನಿಗೂ ಎಲೆ ಹಂಚಿದರು. ಕ್ಷಮಿಸಿದ್ದರೋ ಮರೆತಿದ್ದರೋ, ತಿಳಿಯದು. ನಾನು ಎರಡನ್ನೂ ಮಾಡಿರಲಿಲ್ಲ. ಎದುರಿಗೇ ಕೂತು, ಸಂಜೆಯಾಗುವಷ್ಟರಲ್ಲಿ ಅವನ ಮುಂದಿದ್ದ ಹುಣಸೆಬೀಜಗಳನ್ನೆಲ್ಲ ಗೆದ್ದುಕೊಂಡೆ.