ಒಂದು ನದಿ ಅವಳು ಬರುತ್ತಾಳೆ

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಉಲ್ಟಕ್ಕ ಎಂದೇ. ಅವಳಿಗಿನ್ನೂ ಮೂವತ್ತೆಂಟು, ಆದರೂ ಬೈಂಡಿಂಗ್ ಮಾಡುವ ಅರವತ್ತರ ಮುದುಕರು ಕೂಡ ಹಾಗೇ ಕರೆಯುತ್ತಾರೆ. ಕರಡು ತಿದ್ದುವುದು ಅವಳ ಕೆಲಸ. ತಿದ್ದುವ ರೀತಿ ಮಾತ್ರ ಅವಳೊಬ್ಬಳದೇ. ಪುಟದ ಕೊನೆಯ ಅಕ್ಷರದಿಂದ ಹೊರಟು, ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಬರುತ್ತಾಳೆ, ಅದೂ ಬಾಯಿಬಿಟ್ಟು ಜೋರಾಗಿ. 'ಬಾಗಿಲು ಹಾಕು' ಎಂಬುದು ಅವಳ ಬಾಯಲ್ಲಿ 'ಕುಹಾ ಲುಗಿಬಾ' ಆಗುತ್ತದೆ. ಹೊಸಬರು ಮೊದಲ ದಿನ ಕೇಳಿದರೆ ಬಾಗಿಲಲ್ಲೇ ನಿಂತುಬಿಡುತ್ತಾರೆ.

ನಮಗೆಲ್ಲ ಓದಲು ಬರುತ್ತದೆ ಎಂಬ ಜಂಭ. ನಿಜ ಹೇಳಬೇಕೆಂದರೆ ನಾವು ಅರ್ಧ ಓದುತ್ತೇವೆ, ಅರ್ಧ ಊಹಿಸುತ್ತೇವೆ. 'ಅಧ್ಯಕ್ಷರು' ಎಂಬಲ್ಲಿ 'ಅಧ್ಯಕ್ಷುರು' ಎಂದಿದ್ದರೂ ಕಣ್ಣು ತಾನೇ ಸರಿಮಾಡಿಕೊಂಡು ಮುಂದಕ್ಕೆ ಓಡುತ್ತದೆ. ಹಿಂದಿನಿಂದ ಬರುವವರಿಗೆ ಆ ಸೋಮಾರಿತನಕ್ಕೆ ದಾರಿಯಿಲ್ಲ.

ಇದನ್ನು ಅವಳು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಅಪ್ಪ ಹಳೆಯ ಕಾಲದ ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದರು. ಒಂದು ಮೊಳೆಗೆ ಒಂದು ಅಕ್ಷರ. ಸವೆದುಹೋದವನ್ನು ಜೇಬಿನಲ್ಲಿ ಹಾಕಿಕೊಂಡು ಬಂದು ಇಬ್ಬರು ಹೆಣ್ಣುಮಕ್ಕಳ ಮುಂದೆ ಸುರಿಯುತ್ತಿದ್ದರು. ಬೇರೆ ಮನೆಯ ಮಕ್ಕಳಿಗೆ ಗೊಂಬೆ, ಇವರಿಗೆ ಅಕ್ಷರ. ಮೊಳೆಗಳನ್ನು ಸಾಲಾಗಿ ಇಟ್ಟು ಆ ಕಡೆಯಿಂದ ಓದುವ ಆಟ ಶುರುಮಾಡಿದವಳು ಇವಳ ಅಕ್ಕ. ನಾಲ್ಕು ವರ್ಷಕ್ಕೆ ದೊಡ್ಡವಳು, ಆಟದಲ್ಲೂ ಅವಳದೇ ಕಾರುಬಾರು. ಆಟ ಬೆಳೆದು ಭಾಷೆಯಾಯಿತು. ಅಮ್ಮನಿಗೆ ಗೊತ್ತಾಗದಂತೆ ಜಗಳವಾಡಲು, ಬಂದ ನೆಂಟರನ್ನು ಅವರೆದುರೇ ಆಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಭಾಷೆ ಇನ್ನೊಂದಿರಲಿಲ್ಲ. ತಂಗಿ 'ಗಿತಂ' ಆದಳು. ಅಕ್ಕನನ್ನು ತಿರುಗಿಸಿದರೆ 'ಕ್ಕಅ'. ಬಾಯಿಗೆ ಒಗ್ಗದ ಆ ಶಬ್ದ ಥೇಟ್ ಬಿಕ್ಕಳಿಕೆಯಂತೆ ಬರುತ್ತಿತ್ತು. ಅಮ್ಮ ನೀರು ತಂದುಕೊಡುತ್ತಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

'ನದಿ'ಯನ್ನು ತಿರುಗಿಸಿದರೆ 'ದಿನ' ಎಂದು ಕಂಡುಹಿಡಿದವಳೂ ಅಕ್ಕನೇ. "ನೋಡೇ, ಎರಡೂ ಹೋದ್ರೆ ವಾಪಸ್ ಬರಲ್ಲ," ಎಂದಿದ್ದಳು. ಹನ್ನೆರಡು ವರ್ಷದ ಹುಡುಗಿ ಆಡುವ ಮಾತೇ ಅದು?

ಆ ಭಾಷೆಯೇ ಅವರಿಬ್ಬರ ನಂಟಿಗೆ ಕಲ್ಲು ಹಾಕಿತು. ಅಕ್ಕನ ಮದುವೆ ಊಟದ ಹೊತ್ತು, ನಾಲ್ಕು ಮಾತಾಡು ಎಂದು ಯಾರೋ ತಂಗಿಯ ಕೈಗೆ ಮೈಕು ಕೊಟ್ಟರು. ಅವಳು ಅಕ್ಕನ ಕಡೆ ತಿರುಗಿದಳು. ಬಾಯಿಗೆ ಬಂದದ್ದು 'ಸುಖವಾಗಿರು ಅಕ್ಕ' ಅಲ್ಲ, "ಕ್ಕಅ ರುಗಿವಾಖಸು!" ಊಟಕ್ಕೆ ಕೂತವರ ಕೈ ಬಾಯಿಗೆ ಹೋಗದೆ ನಿಂತಿತು. ಗಂಡಿನ ತಾಯಿ ಮುಖ ಕಪ್ಪಿಟ್ಟು, "ಇದೇನು ಶಾಪಾನಾ?" ಎಂದರು. ಸಂಜೆಯೊಳಗೆ ಹುಡುಗಿಯ ತಂಗಿಗೆ ತಲೆ ಸರಿಯಿಲ್ಲವಂತೆ, ನಾಳೆ ಹುಟ್ಟುವ ಮಕ್ಕಳೂ ಹಾಗೇ ಆದರೆ ಏನು ಗತಿ ಎಂಬ ಮಾತು ಬೀಗರೆಲ್ಲರ ಬಾಯಲ್ಲಿ ಓಡಾಡಿತು.

ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು ಅಕ್ಕ ಹೇಳಿದ್ದು ಒಂದೇ ಮಾತು. "ನೆಟ್ಟಗೆ ಮಾತಾಡೋದು ಕಲಿತ ಮೇಲೆ ಬಾ."

ಆಮೇಲೆ ಅಪ್ಪ, ಅಮ್ಮ ಇಬ್ಬರೂ ವರ್ಷದೊಳಗೆ ಒಬ್ಬರ ಹಿಂದೊಬ್ಬರು ಹೋದರು. ಎರಡು ಸಲವೂ ಅಕ್ಕ ಗಂಡನ ಜೊತೆ ಬಂದು, ಗಂಡನ ಜೊತೆಯಲ್ಲೇ ಹೋದಳು. ತಂಗಿ ಒಮ್ಮೆ ಫೋನ್ ಮಾಡಿದ್ದಳು. ಭಾವ ಎತ್ತಿ, "ಮಲಗಿದ್ದಾಳೆ," ಎಂದರು. ಆಗ ಹಗಲು ಹನ್ನೊಂದು ಗಂಟೆ. ಮತ್ತೆ ಮಾಡಲು ಬೆರಳು ಏಳಲಿಲ್ಲ. ತಾನಿನ್ನೂ ನೆಟ್ಟಗಾಗಿಲ್ಲ, ಅದಕ್ಕೇ ಕರೆ ಬರುತ್ತಿಲ್ಲ ಎಂದು ನಂಬಿಕೊಂಡಳು.

ನೆಟ್ಟಗಾಗಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಈ ಪ್ರೆಸ್ಸಿಗೆ ಸೇರಿದ ಮೊದಲೆರಡು ವರ್ಷ ತುಟಿಗೆ ಹೊಲಿಗೆ ಹಾಕಿಕೊಂಡವಳಂತೆ ಕೂತು, ಎಲ್ಲರ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದಳು. ಎಲ್ಲರ ಹಾಗೆ ತಪ್ಪೂ ಬಿಟ್ಟಳು. ಒಂದು ಸಲ ಶಾಲಾ ಪುಸ್ತಕದ ಮುಖಪುಟದಲ್ಲೇ 'ವಿಜ್ಞಾನ' ಹೋಗಿ 'ವಿಜ್ಞಾಪನ' ಆಗಿ ಎರಡು ಸಾವಿರ ಪ್ರತಿ ರದ್ದಿಗೆ ಬಿದ್ದಿತು. ಪ್ರೆಸ್ಸಿನ ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಮುಂದೆ ಕೇಡುಗಾಲವೇ.

"ಇನ್ನೊಂದು ಪುಸ್ತಕ ಕೊಡ್ತೀನಮ್ಮಾ. ಮಕ್ಕಳ ನಿಘಂಟು. ಇದರಲ್ಲೂ ಹೀಗಾದ್ರೆ ನೀವೇ ಬೇರೆ ಕಡೆ ನೋಡ್ಕೊಳ್ಳಿ."

ಅವಳು ಕರಡಿನ ಕಂತೆ ಎತ್ತಿಕೊಂಡು ಕಾಗದದ ಗೋದಾಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಮೂರು ಹಗಲು ಯಾರೂ ಇಲ್ಲದ ಆ ಕೋಣೆಯಲ್ಲಿ, ರೀಮುಗಳ ನಡುವೆ ಕೂತು, ತನಗೆ ಬಂದ ಹಾಗೆ ಓದಿದಳು. ಮೊದಮೊದಲು ಕಳ್ಳತನ ಮಾಡುವವಳಂತೆ ಪಿಸುದನಿಯಲ್ಲಿ ಓದಿದಳು. ಅರ್ಧ ದಿನವಾಗುವಷ್ಟರಲ್ಲಿ ದನಿ ತಾನೇ ಏರಿತು. ಹಿಂದಕ್ಕೆ ಹಿಂದಕ್ಕೆ ಬರುತ್ತ, ಎದುರಿಗೆ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. ಕೆಂಪು ಪೆನ್ನು ಇನ್ನೂರ ಹದಿನಾಲ್ಕು ಕಡೆ ನಿಂತಿತು. ಅದಕ್ಕೂ ಮುಂಚೆ ಇಬ್ಬರು ಪಂಡಿತರು ನೋಡಿ ಸರಿಯಿದೆ ಎಂದು ಸಹಿ ಹಾಕಿದ್ದ ಕರಡು ಅದು.

ಚಿಲಕ ತೆಗೆದರೆ ಯಜಮಾನರು ಹೊರಗೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಅದೇನಮ್ಮ ಅದು, ಒಳಗೆ ಓದ್ತಿದ್ದಿದ್ದು?"

ಅವಳು ಹೇಳಿದಳು. ಹೇಳುತ್ತ ಅತ್ತುಬಿಟ್ಟಳು. ಯಜಮಾನರು ಕಂತೆ ತಿರುವಿ ನೋಡಿ, ಕನ್ನಡಕ ಹಾಕಿಕೊಂಡರು.

"ನೀವು ಉಲ್ಟಾ ಓದಿ, ತಲೆಕೆಳಗಾಗಿ ನಿಂತು ಓದಿ, ನಂಗೇನು? ಆದ್ರೆ ಬಾಗಿಲು ತೆಗೆದಿಟ್ಟು ಓದಿ. ಇಷ್ಟು ದಿನ ಮುಚ್ಚಿಟ್ಟುಕೊಂಡು ನಂಗೂ ನಷ್ಟ ಮಾಡಿದ್ರಿ, ನಿಮಗೂ ಮಾಡ್ಕೊಂಡ್ರಿ."

ಅಲ್ಲಿಂದ ಶುರುವಾಯಿತು ಉಲ್ಟಕ್ಕನ ದರ್ಬಾರು. ನಕ್ಕವರೇ ಕರಡು ಹಿಡಿದುಕೊಂಡು ಸಾಲು ನಿಂತರು. ಬೇರೆ ಪ್ರೆಸ್ಸಿನವರು ಕೂಡ, ಒಂದು ಸಲ ಅವಳ ಬಾಯಲ್ಲಿ ಹಾಯಿಸಿಕೊಡಿ ಎಂದು ಕೇಳಿಕೊಂಡು ಬಂದರು. ಕಿಟಕಿ ಪಕ್ಕದ ದೊಡ್ಡ ಮೇಜು ಅವಳದಾಯಿತು. ಹುಚ್ಚು ಎಂದು ಅಡಗಿಸಿಟ್ಟದ್ದೇ ಅನ್ನ ಕೊಟ್ಟಿತು, ಮಾನವನ್ನೂ ಕೊಟ್ಟಿತು. ಆದರೂ ಮಧ್ಯಾಹ್ನ ಡಬ್ಬಿ ಬಿಚ್ಚಿದವಳು ಒಂದೊಂದು ದಿನ ಹಾಗೇ ಮುಚ್ಚಿಡುತ್ತಿದ್ದಳು. ಇಡೀ ಪ್ರೆಸ್ಸಿಗೆ ಅವಳು ಅಕ್ಕ, ಅವಳಿಗೊಬ್ಬ ಅಕ್ಕ ಇಲ್ಲ. ದಿನವಿಡೀ ಆಡುವ ಭಾಷೆಯಲ್ಲಿ ಉತ್ತರ ಕೊಡುವವರು ಈ ಭೂಮಿಯ ಮೇಲೆ ಒಬ್ಬರೇ, ಅವರ ಮನೆ ಬಸ್ಸಿನಲ್ಲಿ ಐದು ಗಂಟೆಯ ದಾರಿ.

ಹೀಗಿರುವಾಗ ಒಬ್ಬ ಹಿರಿಯ ಕಾದಂಬರಿಗಾರ್ತಿಯ ದೊಡ್ಡ ಪುಸ್ತಕ ಬಂತು. ಇವಳು ತಿದ್ದಿದ ಕರಡು ನೋಡಿ ಆಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಮೂವತ್ತು ವರ್ಷದಿಂದ ಬರೀತಿದೀನಿ, ಹೀಗೆ ಯಾರೂ ಓದಿಲ್ಲ. ಇವರ ಹೆಸರು ಪುಸ್ತಕದಲ್ಲಿ ಬರ್ಬೇಕು," ಎಂದು ಪಟ್ಟು ಹಿಡಿದರು.

"ಏನಂತ ಹಾಕೋಣಮ್ಮ?" ಎಂದು ಯಜಮಾನರು ಕೇಳಿದರು.

"ಗಿತಂ ಅಂತ ಹಾಕಿ ಸಾರ್."

"ಗೀತಾ?"

"ಅಲ್ಲ ಸಾರ್. ಗಿ, ತಂ. ಹಾಗೇ ಇರ್ಲಿ."

ಅಕ್ಕನಿಗೆ ಓದುವ ಚಟ, ಈ ಲೇಖಕಿಯ ಕಾದಂಬರಿ ಎಂದರೆ ಪ್ರಾಣ. ಯಾವತ್ತಾದರೂ ಈ ಪುಸ್ತಕ ಆ ಮನೆಯೊಳಗೆ ಹೋಗುತ್ತದೆ. ಮೊದಲ ಪುಟದ ಹಿಂದೆ, ಯಾರೂ ಓದದ ಸಣ್ಣ ಅಕ್ಷರದಲ್ಲಿ, 'ಕರಡು ತಿದ್ದಿದವರು: ಗಿತಂ' ಎಂದು ಅಚ್ಚಾಯಿತು. ಅಷ್ಟೇ ಅವಳ ಆಸೆ.

ಪುಸ್ತಕ ಹೊರಬಂದು ಒಂದು ತಿಂಗಳಾಯಿತು, ಎರಡಾಯಿತು. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವಳ ಓದು ಅರ್ಧ ಪದದಲ್ಲಿ ನಿಲ್ಲುತ್ತಿತ್ತು. ಮೂರನೇ ತಿಂಗಳು ಗಂಟೆ ಕೇಳಿದರೂ ತಲೆಯೆತ್ತುವುದನ್ನು ಬಿಟ್ಟಳು.

ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರೇ ಒಂದು ಕಾರ್ಡು ಹಿಡಿದುಕೊಂಡು ಅವಳ ಮೇಜಿಗೆ ಬಂದರು. ಕನ್ನಡಕ ತೆಗೆದಿದ್ದರು.

"ಉಲ್ಟಕ್ಕಾ, ನಿಮ್ಮ ಕೈಯಲ್ಲೂ ತಪ್ಪಾ? ನೂರ ಹನ್ನೆರಡನೇ ಪುಟ ತೆಗೀರಿ. ಕೆಳಗಿಂದ ನಾಲ್ಕನೇ ಸಾಲು."

ಅವಳು ತೆಗೆದಳು. 'ಒಂದು ದಿನ ಅವಳು ಬರುತ್ತಾಳೆ' ಎಂದಿರಬೇಕಾದ ಕಡೆ, 'ಒಂದು ನದಿ ಅವಳು ಬರುತ್ತಾಳೆ' ಎಂದು ಅಚ್ಚಾಗಿತ್ತು.

ಒಂದನೇ ತರಗತಿಯ ಮಗುವೂ ಹಿಡಿಯುವ ತಪ್ಪು. ಅವಳೊಬ್ಬಳಿಗೆ ಮಾತ್ರ ಹಿಡಿಯಲಾಗದ್ದು. ಹಿಂದಿನಿಂದ ಬಂದ ಅವಳ ಕಿವಿಗೆ 'ಳೆತ್ತಾರುಬ ಳುವಅ ದಿನ' ಎಂದೇ ಕೇಳಿಸಿತ್ತು. ದಿನ ಸರಿಯಾಗಿದೆ ಎಂದುಕೊಂಡು ದಾಟಿಬಿಟ್ಟಿದ್ದಳು. ಆ ಸಾಲಿನಲ್ಲಿ ಅವಳ ಕಣ್ಣು ಮಂಜಾಗಿತ್ತೋ ಏನೋ, ಯಾರಿಗೆ ಗೊತ್ತು.

"ಯಾರು ಬರೆದಿದ್ದು ಸಾರ್?"

"ಹೆಸರಿಲ್ಲ. ಪುಟ, ಸಾಲು ಕೊಟ್ಟ ಮೇಲೆ ಏನೇನೋ ಬರೆದಿದಾರೆ, ನಂಗೊಂದೂ ಅರ್ಥ ಆಗ್ಲಿಲ್ಲ. ನಿಮಗೇ ಬಂದಿದೆ, ನೋಡಿ."

ವಿಳಾಸದ ಕಡೆ 'ಗಿತಂ' ಎಂದಿತ್ತು. ಆ ಬಾಗಿದ ಬರಹ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ತಿರುಗಿಸಿದಳು.

'ಈ ತಪ್ಪನ್ನು ಈ ಲೋಕದಲ್ಲಿ ಮಾಡಬಲ್ಲವಳು ಒಬ್ಬಳೇ. ನದಿ ನೋಡಿದ ಕೂಡಲೇ ನಿನ್ನ ಹೆಸರು ಹುಡುಕಿದೆ. ನಗು ಬಂತು, ಆಮೇಲೆ ಅಳುವೂ ಬಂತು. ನೆಟ್ಟಗೆ ಮಾತಾಡೋದು ಕಲಿತ ಮೇಲೆ ಬಾ ಅಂದಿದ್ದೆ ನಾನು. ಹನ್ನೊಂದು ವರ್ಷದಿಂದ ಆ ಸಾಲು ನನ್ನನ್ನೇ ತಿನ್ನುತ್ತಿದೆ. ನಿನಗೆ ಹೊಡೆದುಹಾಕುವುದು ಗೊತ್ತಲ್ಲ, ಅದರಲ್ಲಿ ಕೊನೆಯ ಒಂದಕ್ಷರ ಉಳಿಸಿ ಮಿಕ್ಕದ್ದನ್ನೆಲ್ಲ ಹೊಡೆದುಹಾಕು. ಆ ಕಡೆಯಿಂದ ಓದಿದರೂ ಅದೇ, ಈ ಕಡೆಯಿಂದ ಓದಿದರೂ ಅದೇ. ಬಾ.'

ಅವಳು ಕೆಂಪು ಪೆನ್ನು ಕೆಳಗಿಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಹನ್ನೊಂದು ವರ್ಷ ನುಂಗಿಕೊಂಡಿದ್ದ ಶಬ್ದ ಗಂಟಲಿನಿಂದ ತಾನಾಗಿ ಹೊರಬಂತು.

"ಕ್ಕಅ!"

ಯಜಮಾನರು ಗಾಬರಿಯಾಗಿ ನೀರಿನ ಲೋಟ ಮುಂದಿಟ್ಟರು. "ಬಿಕ್ಕಳಿಕೆನಾ? ನೀರು ಕುಡೀರಮ್ಮ. ಯಾರೋ ನೆನೆಸ್ಕೊಂಡಿರ್ಬೇಕು."

"ಹೌದು ಸಾರ್," ಎಂದಳು ಅವಳು. "ನೆನೆಸ್ಕೊಂಡಿದಾಳೆ."