ಗುರುವಾರದ ಬೀಮು

ಹೊಸ ಮನೆಯ ಬೀಮಿಗೆ ಮೊದಲ ಬಾಂಡ್ಲಿ ಕಾಂಕ್ರೀಟನ್ನು ಯಾರ ಕೈಯಿಂದ ಹಾಕಿಸಬೇಕು ಎಂಬುದು ಮನುಕುಲದ ಮುಂದಿರುವ ಗಂಭೀರ ಪ್ರಶ್ನೆಗಳಲ್ಲೊಂದು. ಬೂಕನಕೆರೆಯ ಮಟ್ಟಿಗೆ ಅದನ್ನು ಬೈರಮ್ಮಜ್ಜಿ ಬಗೆಹರಿಸಿದ್ದರು: ಮನೆಮಗಳ ಕೈಯಿಂದ, ಅದೂ ಗುರುವಾರವೇ. ಮನೆಮಗಳು ಎಂದರೆ ಅಜ್ಜಿಯ ಮಗ ಚಿಕ್ಕಸ್ವಾಮಿಯ ಮಗಳು ರಂಜಿತ. ಮೈಸೂರಿನಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಶನಿವಾರ ಊರಿಗೆ ಬಂದವಳು ಬ್ಯಾಗು ಇಳಿಸುವ ಮೊದಲೇ ಹೇಳಿದಳು:

“ಗುರುವಾರ ಆಗಕಿಲ್ಲ ಅಪ್ಪ. ದಿಲ್ಲೀಲಿ ನಂಗೆ ಬೀಮ್ ಐತೆ.”

“ನಂಗೂ ಬೀಮೇ ಕಣವ್ವ ಇರೋದು. ನಿಂದು ಯಾರ ಮನೇದು?”

ರಂಜಿತ ಜಗಲಿಯಲ್ಲಿ ಕೂತು ವಿವರಿಸಿದಳು. ಅವಳ ಬೀಮೆಂದರೆ ಪ್ರೋಟಾನುಗಳ ಧಾರೆ; ಅದನ್ನು ದಿಲ್ಲಿಯ ದೊಡ್ಡ ಯಂತ್ರವೊಂದರಿಂದ ತೆಳ್ಳನೆಯ ತಗಡಿಗೆ ಹಾಯಿಸುವುದು. ಯಾವ ಕಡೆಗೆ ಎಷ್ಟು ಚಿಮ್ಮಿದವು, ಎಷ್ಟು ಒಳಹೊಕ್ಕು ಬೇರೆ ವಸ್ತುವೇ ಆದವು ಎಂದು ಎಣಿಸುವುದು.

“ಮೊರದಲ್ಲಿ ರಾಗಿ ಕೇರುವಾಗ ಚಿಮ್ಮೋದ ನಾನೂ ನೋಡಿವ್ನಿ,” ಎಂದರು ಅಜ್ಜಿ. “ಯಾರೂ ದಿಲ್ಲಿಗೆ ಕರೀಲಿಲ್ಲ.”

“ಜೋರಾಗಿ ಬುಟ್ಟು ಒಂದೇ ಗಂಟೇಲಿ ಮುಗ್ಸು,” ಎಂದ ಚಿಕ್ಕಸ್ವಾಮಿ.

“ಸೂರ್ಯನೊಳಗೆ ಮೆಲ್ಲಗೇ ನಡೆಯೋದು ಅಪ್ಪ. ಅದ ತಿಳ್ಕಬೇಕಾದ್ರೆ ನಾವೂ ಮೆಲ್ಲಗೇ ಬುಡಬೇಕು. ಅಂಗೆ ಬುಟ್ರೆ ಕೋಟಿ ಕೋಟಿಗೆ ಒಂದು ಒಳಕ್ಕೋದ್ರೆ ಎಚ್ಚು. ಅದ್ಕೇ ಎರಡು ದಿನ.”

ಆ ಯಂತ್ರ ಎರಡು ದಿನ ತನ್ನ ಪಾಲಿಗೆ ಸಿಗಲು ಅವಳು ಒಂದು ವರ್ಷ ಕಾದಿದ್ದಳು. ತಪ್ಪಿದರೆ ಮತ್ತೆ ಸಾಲಿನ ಕೊನೆಗೆ. ಪ್ರಬಂಧ ಒಪ್ಪಿಸಲು ಉಳಿದಿದ್ದುದು ಎಂಟೇ ತಿಂಗಳು. ಇದನ್ನೂ ಹೇಳಿದಳು. ಅಜ್ಜಿ ಪಂಚಾಂಗದ ಕಡೆ ನೋಡಿದರು. ಗುರುವಾರ ಗುರುವಾರವೇ ಆಗಿತ್ತು.

ಅಷ್ಟರಲ್ಲಿ ಬೀಮಿನ ಕಂಬಿ ನೋಡಲು ಚಿನಕುರಳಿಯಿಂದ ಮೇಸ್ತ್ರಿ ತಿಮ್ಮರಾಜು ಬಂದ. ಕಾಫಿ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

“ನಿಮ್ಮ ಬೀಮ ಅರ್ಧಕ್ಕೆ ನಿಲ್ಸಿ ನಾಳಿಕೆ ಮುಂದುವರಿಸಬೌದಾ ತಾಯಿ?”

“ಆಗಕಿಲ್ಲ ಮೇಸ್ತ್ರಿ. ಶುರುವಾದ್ರೆ ಪಾಳಿ ಮೇಲೆ ಕೂತು ಮುಗಿಸಲೇಬೇಕು.”

ತಿಮ್ಮರಾಜು ಲೋಟ ಕೆಳಗಿಟ್ಟ.

“ಅಂಗಾರೆ ಅದು ಬೀಮೇ ಗೌಡ್ರೆ. ಅರ್ಧಕ್ಕೆ ನಿಲ್ಸಿದ್ದು ಒಂದಕ್ಕೊಂದು ಕಚ್ಚಲ್ಲ. ಅದಕ್ಕೆ ಮೇಸ್ತ್ರಿ ಈ ತಾಯೀನೇ. ಮೇಸ್ತ್ರಿ ಇಲ್ದೆ ಯಾರಾದ್ರೂ ಬೀಮ್ ಹಾಕ್ಸ್ತಾರಾ?”

“ನಮ್ದು?” ಎಂದ ಚಿಕ್ಕಸ್ವಾಮಿ.

“ನಮ್ದು ಇನ್ನೂ ಶುರುವೇ ಆಗಿಲ್ವಲ್ಲ. ಕಂಬಿ ನಾಕು ದಿನ ಬಿಸಿಲು ಕಾಯ್ಲಿ. ಮಿಕ್ಸರ್ ಮಿಷನ್ನು ನಮ್ಮ ಭಾಮೈದಂದೇ, ಸೋಮವಾರಕ್ಕೆ ಹೇಳ್ತೀನಿ.”

ಚಿಕ್ಕಸ್ವಾಮಿ ಅವ್ವನ ಮುಖ ನೋಡಿದ.

“ಸೋಮವಾರ ಈಶ್ವರನ ವಾರ,” ಎಂದರು ಬೈರಮ್ಮಜ್ಜಿ, ಯಾರೋ ಅಲ್ಲವೆಂದು ವಾದಿಸಿದ್ದರೇನೋ ಎಂಬಂತೆ. “ಅದಕ್ಕೇನು ಕೇಡು?”

ರಂಜಿತ ದಿಲ್ಲಿಗೆ ಹೋಗಿ ಭಾನುವಾರ ವಾಪಸ್ಸು ಬಂದಳು. ಎರಡು ದಿನ, ಮೂರು ಪಾಳಿಯ ಜನ ಕಾದು ಕೂತು ಸಿಕ್ಕ, ಒಳಹೊಕ್ಕವುಗಳ ಎಣಿಕೆ ನಲವತ್ತೊಂದು.

“ನಲವತ್ತೊಂದು ಎಣಿಸಕೆ ದಿಲ್ಲಿಗೋಗಬೇಕಿತ್ತಾ?” ಎಂದರು ಅಜ್ಜಿ.

ಸೋಮವಾರ ಹತ್ತು ಗಂಟೆಗೆ ರಂಜಿತಳ ಕೈಯಿಂದಲೇ ಮೊದಲ ಬಾಂಡ್ಲಿ ಬಿತ್ತು. ಬೀಮು ಬಿರುಕಿಲ್ಲದೆ ನಿಂತಿದೆ. ಪ್ರಬಂಧಕ್ಕೆ ನಲವತ್ತೊಂದು ಸಾಕಾಯಿತು.