ಅಕ್ಕನ ಗಂಟಲಲ್ಲಿ ಹೊಳೆದದ್ದು

೧
ಇದನ್ನು ಎಲ್ಲಿಂದ ಶುರು ಮಾಡಲಿ? ಸಕ್ಕರೆಯಿಂದ ಶುರು ಮಾಡಿದರೆ ಪಾಠವಾಗುತ್ತದೆ. ಅಕ್ಕನ ಶ್ವಾಸಕೋಶದ ಗಡ್ಡೆಯಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. (ನಾನಾದರೂ ಅದನ್ನೇ ಮಾಡುತ್ತಿದ್ದೆ.) ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: ಗಡ್ಡೆ ಹೊಟ್ಟೆಬಾಕ, ಎಷ್ಟು ಸಕ್ಕರೆ ಸಿಕ್ಕರೂ ಸಾಲದು. ಅದರ ಊಟಕ್ಕೇ ಅಡ್ಡಗಾಲು ಹಾಕುವ ಹೊಸ ಮಾತ್ರೆಯ ಪ್ರಯೋಗಕ್ಕೆ ಅಕ್ಕ ಸೇರಿದ್ದಾಳೆ. ಮಾತ್ರೆ ನಾಟಿದೆಯೋ ಇಲ್ಲವೋ, ಇವತ್ತಿನ ಸ್ಕ್ಯಾನ್ ಹೇಳಬೇಕು.

೨
ಮೊದಲ ಕರಡಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ ಮೌನವಾಗಿ ಕೂತಿದ್ದಳು. ಹರಿದು ಹಾಕಿದೆ. ಅಕ್ಕ ಹುಟ್ಟಿದಾಗಿನಿಂದ ಮೌನವಾಗಿ ಕೂತವಳಲ್ಲ.

೩
ನರ್ಸ್ ಅವಳ ತೋಳಿಗೆ ಸ್ಕ್ಯಾನಿನ ಸಕ್ಕರೆ ಚುಚ್ಚಿದಳು. "ಒಂದು ಗಂಟೆ ಅಲ್ಲಾಡ್ಬೇಡಿ, ಮಾತೂ ಬೇಡ. ಮೈಯಲ್ಲಿ ಯಾವ ಜಾಗ ಸಕ್ಕರೆ ತಿನ್ನುತ್ತೋ ಅದು ಸ್ಕ್ಯಾನಲ್ಲಿ ಹೊಳೆಯುತ್ತೆ," ಎಂದು ಬಾಗಿಲು ಮುಚ್ಚಿ ಹೋದಳು.

ಹೊರಗಿನ ಬೆಂಚಿನಲ್ಲಿ ನಾನು ಇದನ್ನೇ ಬರೆಯುತ್ತಿದ್ದೆ. ಫೋನ್ ಬಡಿದುಕೊಂಡಿತು.

"ನನ್ನ ಬಗ್ಗೇನೇ ಬರೀತಿದ್ದೀಯ ತಾನೇ?"

"ಅಕ್ಕಾ, ಮಾತಾಡ್ಬಾರ್ದು."

"ಪಿಸುಗುಡ್ತಿದ್ದೀನಿ ಕಣೋ, ಅದು ಮಾತಲ್ಲ. ಕೊನೇಲಿ ನನ್ನ ಸಾಯಿಸ್ತೀಯಾ?"

"ಇನ್ನೂ ತೀರ್ಮಾನ ಮಾಡಿಲ್ಲ."

(ಲೇಖಕನಿಗೆ ಮಾತಿನ ಮೇಲೆ ಎಷ್ಟು ಹಿಡಿತ, ನೋಡಿ.) ಆಮೇಲೆ ಅವಳು ಆ ಗಂಟೆ ಮುಗಿಯುವವರೆಗೂ ಪಿಸುಧ್ವನಿಯಲ್ಲೇ ನನಗೆ ಮಂಗಳಾರತಿ ಎತ್ತಿದಳು. ನಾನೂ ಬಿಡಲಿಲ್ಲ, ವಾದ ಮಾಡಿದೆ.

೪
ಸಂಜೆ ಡಾಕ್ಟರಮ್ಮ ಪರದೆ ತಿರುಗಿಸಿ ತೋರಿಸಿದರು. ಗಡ್ಡೆ ಮಂಕಾಗಿತ್ತು, ಗಾತ್ರವೂ ಇಳಿದಿತ್ತು. ಆದರೆ ಗಂಟಲಲ್ಲಿ ಎರಡು ಚುಕ್ಕೆಗಳು ಹೊಸದಾಗಿ ಹೊಳೆಯುತ್ತಿದ್ದವು. ಕಾಯಿಲೆ ಅಲ್ಲಿಗೂ ಹಬ್ಬಿತೇ ಎಂದುಕೊಂಡೆ. ಅಕ್ಕ ಮೊದಲ ಸಲ ಸುಮ್ಮನಾದಳು.

"ಸ್ಕ್ಯಾನಿಗೆ ಮುಂಚೆ ಮಾತಾಡಿದ್ರಾ?"

ಅಕ್ಕ ನನ್ನತ್ತ ಬೆರಳು ತೋರಿಸಿದಳು. "ಇವನೇ ಮಾತಾಡ್ಸಿದ್ದು."

ಡಾಕ್ಟರಮ್ಮ ಪುಟ್ಟ ಕ್ಯಾಮೆರಾ ಇಳಿಸಿ ಗಂಟಲು ನೋಡಿದರು. ಏನೂ ಇರಲಿಲ್ಲ. "ಧ್ವನಿಪೆಟ್ಟಿಗೆಯ ಸ್ನಾಯು ದುಡಿದಿದೆ, ಸಕ್ಕರೆ ತಿಂದಿದೆ, ಅಷ್ಟೇ. ಪಿಸುಗುಟ್ಟಿದ್ರೂ ಹೀಗೇ."

ಹೋದ ಜೀವ ಬಂದಂತಾಯಿತು. ನಾನು ಅತ್ತುಬಿಟ್ಟೆ. (ಈ ಸಾಲು ಹೊಡೆದು ಹಾಕಬೇಕೆಂದಿದ್ದೆ. ಇರಲಿ.)

೫
ಮುಕ್ತಾಯ ಒಂದು: ಮಾತ್ರೆ ಗೆದ್ದಿತು.
ಮುಕ್ತಾಯ ಎರಡು: ಗಡ್ಡೆ ಸಕ್ಕರೆ ಬಿಟ್ಟು ಬೇರೆ ಊಟ ಕಲಿಯಿತು. (ಆ ಸಾಧ್ಯತೆಯನ್ನು ಡಾಕ್ಟರಮ್ಮ ಮುಚ್ಚಿಡಲಿಲ್ಲ.)

ಮನೆಗೆ ಹೋಗುವಾಗ ಕಾರಿನಲ್ಲಿ ಎರಡನ್ನೂ ಅಕ್ಕನಿಗೆ ಹೇಳಿದೆ.

"ಎರಡೂ ಬೇಡ. ಮುಂದಿನ ಸ್ಕ್ಯಾನಲ್ಲಿ ಒಂದು ಗಂಟೆ ಬಾಯಿ ಮುಚ್ಕೊಂಡಿರ್ಬೇಕು ನಾನು. ಹೇಳೋದನ್ನೆಲ್ಲ ಈಗಲೇ ಹೇಳ್ತೀನಿ, ಕೇಳು."

ಮನೆ ಬಂದರೂ ಅವಳ ಮಾತು ಮುಗಿದಿರಲಿಲ್ಲ. ನಾನು ಕಾರು ನಿಲ್ಲಿಸದೆ ಇನ್ನೊಂದು ಸುತ್ತು ಹಾಕಿದೆ.